ಮದುವೆ ಜವಳಿಗೆ ಹೊರಡುವ ಮುನ್ನ: ಧಾರೆ ಸೀರೆ ಆರಿಸುವ ವಧುವಿಗೊಂದು ಕೈಪಿಡಿ

ಧಾರೆ ಸೀರೆಯನ್ನು ಎಲ್ಲರೂ ಕನ್ನಡಿಯ ಮುಂದೆ ನಿಂತು ಆರಿಸುತ್ತಾರೆ. ಮುಹೂರ್ತದ ದಿನ ವಧು ನಿಲ್ಲುವುದೇ ಕಡಿಮೆ. ಮಣೆಯ ಮೇಲೆ ಕಾಲು ಮಡಚಿ ಕೂರುತ್ತಾಳೆ, ಹಾರ ಹಾಕಲು ಕೈಯೆತ್ತುತ್ತಾಳೆ, ಹೊಗೆಯಲ್ಲಿ ಕಣ್ಣೊರೆಸಿಕೊಂಡು ಹೋಮಕ್ಕೆ ಅರಳು ಸುರಿಯುತ್ತಾಳೆ, ಅಗ್ನಿಯ ಸುತ್ತ ಹೆಜ್ಜೆ ಹಾಕುತ್ತಾಳೆ, ಆಮೇಲೆ ಸಾಲುಗಟ್ಟಿದ ಹಿರಿಯರ ಕಾಲಿಗೆ ಬಗ್ಗಿ ಬಗ್ಗಿ ನಮಸ್ಕರಿಸುತ್ತಾಳೆ. ಮೂರು ನಾಲ್ಕು ಗಂಟೆ ಇಷ್ಟೆಲ್ಲ ಕೆಲಸ ಮಾಡಬೇಕಾದ ಸೀರೆ ಅದು. ನನ್ನ ಮದುವೆಯ ಜವಳಿ ತೆಗೆಯುವಾಗ ಕೊನೆಯವರೆಗೂ ಬಿಡದೆ ಹಿಡಿದುಕೊಂಡದ್ದು ಈ ಒಂದು ಲೆಕ್ಕವನ್ನು. ಬಣ್ಣ, ಜರಿ, ಬೆಲೆ ಎಲ್ಲವೂ ಅದರ ಹಿಂದೆ ಬಂದವು.

ನನಗೆ ಹೆಚ್ಚು ಗೊತ್ತಿರುವುದು ಹಳೆ ಮೈಸೂರು ಕಡೆಯ ಧಾರೆ ಮದುವೆ. ಉತ್ತರ ಕರ್ನಾಟಕ, ಕರಾವಳಿ, ಕೊಡಗಿನ ಶಾಸ್ತ್ರಗಳು ಬೇರೆ. ಕೊಡಗಿನಲ್ಲಿ ಸೀರೆ ಉಡುವ ಕ್ರಮವೇ ಬೇರೆ, ನೆರಿಗೆ ಹಿಂದಕ್ಕೆ ಬರುತ್ತದೆ. ಆದರೂ ಕೆಳಗೆ ಹೇಳಿರುವುದರಲ್ಲಿ ಹೆಚ್ಚಿನದು ಯಾವ ಕಡೆಯ ವಧುವಿಗೂ ಉಪಯೋಗಕ್ಕೆ ಬರುತ್ತದೆ.

ಮೊದಲು ಮನೆಯವರನ್ನು ಕೇಳಿ

ಅಂಗಡಿಗೆ ಕಾಲಿಡುವ ಮೊದಲು ಅಜ್ಜಿ, ಅಮ್ಮ, ಅತ್ತೆಯಾಗುವವರು, ಸಾಧ್ಯವಾದರೆ ಪುರೋಹಿತರು, ಇವರಿಂದ ಕೆಲವು ವಿಷಯಗಳನ್ನು ಕೇಳಿ ಬರೆದಿಟ್ಟುಕೊಳ್ಳಿ.

ಒಟ್ಟು ಎಷ್ಟು ಸೀರೆ ಬೇಕು? ದೇವರ ಸಮಾರಾಧನೆ, ಅರಿಶಿನ, ಬಳೆ ಶಾಸ್ತ್ರ, ವರಪೂಜೆ, ಆರತಕ್ಷತೆ, ಗೌರಿಪೂಜೆ, ಧಾರೆ, ಗೃಹಪ್ರವೇಶ, ಬೀಗರೂಟ. ಪಟ್ಟಿ ನೋಡಿ ಗಾಬರಿಯಾಗಬೇಡಿ, ಎಲ್ಲದಕ್ಕೂ ಹೊಸ ಸೀರೆ ಬೇಕಿಲ್ಲ. ಅರಿಶಿನಕ್ಕೆ ಕಲೆಯಾದರೂ ಪರವಾಗಿಲ್ಲ ಅನ್ನುವಂಥ ಹತ್ತಿ ಸೀರೆಯೇ ಸರಿ. ಸಮಾರಾಧನೆಗೆ ಅಮ್ಮನ ಹಳೆಯ ರೇಷ್ಮೆಯನ್ನು ಹೊಸ ರವಿಕೆಯೊಂದಿಗೆ ಉಟ್ಟರೆ ಅಂಗಡಿಯಲ್ಲಿ ಎಷ್ಟು ಕೊಟ್ಟರೂ ಸಿಗದ ಸೀರೆ ಉಟ್ಟಂತೆ.

ಕಚ್ಚೆ ಉಡಬೇಕೆ? ಇದನ್ನು ಕೇಳಲು ಮರೆಯುವವರು ಬಹಳ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಸೀರೆ ಸುಮಾರು 5.5 ಮೀಟರ್, ಜೊತೆಗೆ ರವಿಕೆ ಬಟ್ಟೆ. ಕಚ್ಚೆಗೆ ಬೇಕಾದದ್ದು ಒಂಬತ್ತು ಗಜ, ನಮ್ಮಜ್ಜಿಯರ ಲೆಕ್ಕದಲ್ಲಿ ಹದಿನೆಂಟು ಮೊಳ, ಅಂದರೆ ಎಂಟು ಮೀಟರಿಗೂ ಹೆಚ್ಚು. ಇಂಥ ಸೀರೆಗಳ ಆಯ್ಕೆ ಎಲ್ಲ ಅಂಗಡಿಗಳಲ್ಲೂ ಕಡಿಮೆ. ಬೇಕಾದ ಬಣ್ಣದಲ್ಲಿ ನೇಯಿಸಬೇಕಾಗಿ ಬಂದರೆ ತಿಂಗಳುಗಳೇ ಹಿಡಿಯುತ್ತವೆ.

ಬಣ್ಣದ ಕಟ್ಟಳೆ ಏನು? ಕೆಲವು ಮನೆಗಳಲ್ಲಿ ಕೆಂಪಂಚಿನ ಬಿಳಿ ಅಥವಾ ಕೆನೆಬಣ್ಣದ ಸೀರೆ, ಕೆಲವೆಡೆ ಅರಿಶಿನ ಬಣ್ಣ, ಕೆಲವೆಡೆ ಕೆಂಪು, ಹಸಿರು. ಕಪ್ಪು ಬೇಡ ಎನ್ನುವುದು ಬಹುತೇಕ ಎಲ್ಲ ಕಡೆಯೂ ಇದೆ. ಅಂಚಿನಲ್ಲಿ ಒಂದು ಕಪ್ಪು ಗೆರೆ ಇದ್ದರೂ ತಕರಾರು ತೆಗೆಯುವ ಹಿರಿಯರು ಎಲ್ಲ ಬಳಗದಲ್ಲೂ ಇರುತ್ತಾರೆ. ಗಾಢ ನೇರಳೆ, ಕಡುನೀಲಿ ಸೀರೆಗಳು ಛತ್ರದ ದೀಪದಲ್ಲಿ ಕಪ್ಪಾಗಿಯೇ ಕಾಣುತ್ತವೆ ಎನ್ನುವುದೂ ನೆನಪಿರಲಿ.

ಧಾರೆ ಸೀರೆ ತರುವವರು ಯಾರು? ಇದು ಮನೆಯಿಂದ ಮನೆಗೆ ಬದಲಾಗುತ್ತದೆ. ಗಂಡಿನ ಕಡೆಯವರು ಮಂಟಪದಲ್ಲೇ ಸೀರೆ ಕೊಟ್ಟು, ವಧು ಒಳಗೆ ಹೋಗಿ ಅದನ್ನುಟ್ಟು ಬರುವ ಪದ್ಧತಿ ಇದ್ದರೆ ಒಂದು ಪೇಚು ಇದೆ: ಆ ಸೀರೆಯ ರವಿಕೆ ಮೊದಲೇ ಹೊಲಿದಿರಬೇಕು. ಹಾಗಾಗಿ ರವಿಕೆ ಬಟ್ಟೆಯನ್ನು ಮಾತ್ರ ಕತ್ತರಿಸಿ ಮುಂಚಿತವಾಗಿ ಕಳಿಸಿಕೊಡಲು ಕೇಳಿಕೊಳ್ಳಬೇಕು. ಅತ್ತೆಯವರನ್ನು ನೇರವಾಗಿ ಕೇಳಲು ಸಂಕೋಚವಾದರೆ ಚಿಕ್ಕಮ್ಮನ ಕೈಯಲ್ಲಿ ಹೇಳಿಸಿ. ಪ್ರತಿ ಮನೆಯಲ್ಲೂ ಇಂಥ ಕೆಲಸಕ್ಕೆಂದೇ ಒಬ್ಬ ಚಿಕ್ಕಮ್ಮ ಇರುತ್ತಾರೆ. ಸೀರೆ ಆರಿಸುವಾಗ ನೀವೂ ಜೊತೆಗಿರಬಹುದೆ ಎಂದು ಅದೇ ಉಸಿರಿನಲ್ಲಿ ವಿಚಾರಿಸಿಬಿಡಲಿ. ಈಗಿನ ಅತ್ತೆಯರಲ್ಲಿ ಹೆಚ್ಚಿನವರು ಬಾ ಎಂದೇ ಹೇಳುತ್ತಾರೆ.

ಪಂಚಾಂಗ ಮುಂದಿಟ್ಟುಕೊಂಡು ಹಿಂದಕ್ಕೆ ಎಣಿಸಿ

ಮುಹೂರ್ತ ನಿಶ್ಚಯವಾಗಿ ಛತ್ರ ಸಿಕ್ಕಿದ ಮೇಲೆ ಮದುವೆಯ ದಿನದಿಂದ ಹಿಂದಕ್ಕೆ ಎಣಿಸಬೇಕು. ಲಗ್ನದ ಕಾಲದಲ್ಲಿ ಆರಿ ಕೆಲಸದ, ಅಂದರೆ ಕೊಕ್ಕೆಸೂಜಿಯ ಕಸೂತಿ ಮಾಡಿಸಿದ, ರವಿಕೆಗೆ ಒಂದು ತಿಂಗಳಿಂದ ಒಂದೂವರೆ ತಿಂಗಳು ಬೇಕೆಂದು ಹಿಡಿಯಿರಿ. ತಿದ್ದುಪಡಿಗೆ ಇನ್ನೆರಡು ವಾರ. ಫಾಲ್ ಮತ್ತು ಕುಚ್ಚಿಗೆ ಒಂದು ವಾರ. ಹೀಗೆ ಕೂಡಿಸಿದರೆ ಎರಡು ತಿಂಗಳು ದಾಟುತ್ತದೆ; ತಡವಾದರೂ ಗಾಬರಿಯಾಗದಿರಲು ಮದುವೆಗೆ ಮೂರು ತಿಂಗಳಿರುವಾಗ ಸೀರೆ ಕೈಯಲ್ಲಿರಬೇಕು.

ಆಷಾಢದಲ್ಲಿ ಮದುವೆಗಳಿಲ್ಲ, ಅಂಗಡಿಗಳು ರಿಯಾಯಿತಿ ಫಲಕ ತೂಗುಹಾಕುತ್ತವೆ. ಉಡುಗೊರೆ ಸೀರೆಗಳಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಧಾರೆ ಸೀರೆಯನ್ನು ಮಾತ್ರ ಆಷಾಢದಲ್ಲಿ ತರುವುದು ಬೇಡ ಎಂದು ಅಜ್ಜಿ ಹೇಳಿದರೆ ವಾದ ಬೇಡ. ಶ್ರಾವಣ ಬರಲಿ. ಆದರೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ಸೀರೆ ಅಂಗಡಿಯ ಕಡೆ ತಲೆ ಹಾಕಬೇಡಿ. ಸೀರೆ ಬಿಚ್ಚಿ ತೋರಿಸಲು ಅಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ. ಧನುರ್ಮಾಸದಲ್ಲಿ, ಅಂದರೆ ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ, ಮದುವೆಗಳು ನಿಲ್ಲುವುದರಿಂದ ದರ್ಜಿಗಳಿಗೆ ತುಸು ಬಿಡುವು. ಮಾಘ, ಫಾಲ್ಗುಣದಲ್ಲಿ ಮದುವೆ ಇದ್ದವರು ಅಳತೆ ಕೊಡಲು ಆ ತಿಂಗಳನ್ನು ಬಳಸಿಕೊಳ್ಳಬಹುದು.

ಹಣದ ಪಟ್ಟಿಯನ್ನು ಎರಡಾಗಿ ಮಾಡಿ

ಜವಳಿಯ ಹಣವನ್ನು ನುಂಗುವುದು ಉಡುಗೊರೆ ಸೀರೆಗಳು. ಸೋದರತ್ತೆಗೆ ಕೊಟ್ಟರೆ ದೊಡ್ಡಮ್ಮನಿಗೆ ಕೊಡಬೇಕು, ದೊಡ್ಡಮ್ಮನಿಗೆ ಕೊಟ್ಟರೆ ಅವರ ಸೊಸೆಗೆ. ಹೆಸರುಗಳನ್ನು ಮನೆಯಲ್ಲೇ ಕೂತು ಬರೆದು, ಎದುರಿಗೆ ಮೊತ್ತ ಹಾಕಿ, ಆ ಹಾಳೆಯನ್ನು ಅಪ್ಪನ ಕೈಗೆ ಕೊಟ್ಟುಬಿಡಿ. ನಿಮ್ಮ ಸೀರೆಗಳ ಹಾಳೆ ಬೇರೆಯೇ ಇರಲಿ. ಎರಡನ್ನೂ ಒಂದೇ ದಿನ ಕೊಳ್ಳಲು ಹೋದರೆ ಸಂಜೆಯ ಹೊತ್ತಿಗೆ ಸುಸ್ತಾಗಿ ವಧುವಿನ ಸೀರೆಗೇ ‘ಯಾವುದೋ ಒಂದು ಸಾಕು’ ಎನ್ನುವ ಸ್ಥಿತಿ ಬರುತ್ತದೆ.

ನಿಮ್ಮ ಹಾಳೆಯಲ್ಲಿ ಪ್ರತಿ ಸೀರೆಯ ಪಕ್ಕ ರವಿಕೆ ಹೊಲಿಗೆ, ಒಳಪದರದ ಬಟ್ಟೆ, ಫಾಲ್, ಕುಚ್ಚು, ಒಳಲಂಗ, ಮದುವೆಯ ನಂತರದ ಡ್ರೈ ಕ್ಲೀನಿಂಗ್ ಇವೆಲ್ಲಕ್ಕೂ ಒಂದು ಮೊತ್ತ ಬರೆಯಿರಿ. ಮೈತುಂಬ ಆರಿ ಕೆಲಸ ಮಾಡಿಸಿದರೆ ರವಿಕೆಯ ಕೂಲಿ ಸೀರೆಯ ಬೆಲೆಯನ್ನು ಮೀರುವುದೂ ಉಂಟು.

ಅಂಗಡಿಯಲ್ಲಿ ಕೂತು ನೋಡಿ

ಬೆಂಗಳೂರಿನಲ್ಲಾದರೆ ಚಿಕ್ಕಪೇಟೆ, ಮೈಸೂರಿನಲ್ಲಾದರೆ ದೇವರಾಜ ಅರಸು ರಸ್ತೆ. ಕಾರು ಮಾಡಿಕೊಂಡು ಕಂಚಿಗೇ ಹೋಗಿಬರುವ ಕುಟುಂಬಗಳೂ ಬಹಳ. ಎಲ್ಲಿಗೆ ಹೋದರೂ ಜೊತೆಗೆ ಇಬ್ಬರು ಸಾಕು. ಒಬ್ಬರು ಅಮ್ಮ, ಇನ್ನೊಬ್ಬರು ಮುಖದ ಮೇಲೆ ನಿಜ ಹೇಳುವವರು. ಅಂಗಡಿಯಿಂದ ವಿಡಿಯೊ ಕರೆ ಮಾಡಿ ಊರಿನವರಿಗೆಲ್ಲ ಸೀರೆ ತೋರಿಸುವ ಅಭ್ಯಾಸ ಬೇಡವೇ ಬೇಡ. ಮೊಬೈಲಿನಲ್ಲಿ ಕುಂಕುಮಗೆಂಪು ಕಿತ್ತಳೆಯಾಗಿ ಕಾಣುತ್ತದೆ, ಅಭಿಪ್ರಾಯಗಳು ಮಾತ್ರ ಹತ್ತಾಗುತ್ತವೆ.

ಸರಳವಾದ ಬಟ್ಟೆ ತೊಟ್ಟು, ಕೂದಲು ಕಟ್ಟಿಕೊಂಡು, ವಾರದ ಮಧ್ಯೆ ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋಗಿ. ಮೊದಲ ಭೇಟಿಯಲ್ಲಿ ಏನನ್ನೂ ಕೊಳ್ಳುವುದಿಲ್ಲ ಎಂದು ಮನೆಯಲ್ಲೇ ನಿರ್ಧರಿಸಿರಿ. ಬೆಲೆ ಮೊದಲೇ ಹೇಳಿ. ನಿಮ್ಮ ಮಿತಿ ಹೇಳದಿದ್ದರೆ ಅದರ ಎರಡರಷ್ಟು ಬೆಲೆಯ ಸೀರೆ ಮೊದಲು ಬಿಚ್ಚಿಕೊಳ್ಳುತ್ತದೆ, ಆಮೇಲೆ ಉಳಿದವೆಲ್ಲ ಸಪ್ಪೆ. ಬೇಡ ಅನ್ನಿಸಿದ್ದನ್ನು ಆಗಲೇ ಬೇಡ ಎಂದು ಮಡಚಿಸಿಬಿಡಿ. ‘ಇರಲಿ, ಪಕ್ಕಕ್ಕಿಡಿ’ ಎಂಬ ರಾಶಿ ಬೆಳೆಯಗೊಡಬೇಡಿ.

ಮೆಚ್ಚಿದ ಸೀರೆಯ ಒಡಲು, ಅಂಚು, ಸೆರಗು ಮೂರನ್ನೂ ಪೂರ್ತಿ ಬಿಚ್ಚಿಸಿ ನೋಡಿ. ಭುಜದ ಮೇಲೆ ಅರ್ಧ ಹೊದಿಸಿ ತೋರಿಸುವ ಸೆರಗು ಚಂದವೇ, ಆದರೆ ಮಣೆಯ ಮೇಲೆ ಕೂತಾಗ ಎದುರಿನವರಿಗೆ ಮತ್ತು ಛಾಯಾಗ್ರಾಹಕರಿಗೆ ಕಾಣುವುದು ನೆರಿಗೆ ಮತ್ತು ಅಂಚು. ಸೀರೆಯನ್ನು ಬಾಗಿಲ ಬಳಿ ಒಯ್ದು ಹಗಲಿನ ಬೆಳಕಿನಲ್ಲಿ ಬಣ್ಣ ನೋಡಿ. ‘ನಿಮ್ಮ ಬಣ್ಣಕ್ಕೆ ಇದು ಒಪ್ಪುವುದಿಲ್ಲ ಮೇಡಂ’ ಎಂಬ ಮಾತಿಗೆ ಕಿವಿಗೊಡುವ ಅಗತ್ಯವಿಲ್ಲ. ಒಪ್ಪುವುದೋ ಇಲ್ಲವೋ ಬಿಸಿಲೇ ಹೇಳುತ್ತದೆ.

ಆಮೇಲೆ ಮುಖ್ಯ ಪರೀಕ್ಷೆ. ಸೀರೆಯನ್ನು ಪೂರ್ತಿ ಉಡಿಸಲು ಹೇಳಿ. ದೊಡ್ಡ ಅಂಗಡಿಗಳಲ್ಲಿ ಇದಕ್ಕೆ ಜನರಿರುತ್ತಾರೆ. ಚಿಕ್ಕಪೇಟೆಯ ಹಳೆಯ ಅಂಗಡಿಗಳಲ್ಲಿ ಬಿಳಿ ಹಾಸಿಗೆಯ ಬೈಠಕ್ಕು ಹೇಗೂ ಇರುತ್ತದೆ. ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಹತ್ತು ನಿಮಿಷ ಕೂತು ಎದ್ದೇಳಿ. ನೆರಿಗೆ ಮುಂದಕ್ಕೆ ಉಬ್ಬಿ ನಿಂತಿತೆ? ಜರಿ ಸೊಂಟಕ್ಕೆ, ಕತ್ತಿಗೆ ಚುಚ್ಚಿತೆ? ಕೈಯೆರಡನ್ನೂ ತಲೆಯ ಮೇಲೆತ್ತಿ. ಸೆರಗಿನ ಭಾರ ಭುಜವನ್ನು ಹಿಂದಕ್ಕೆ ಎಳೆಯಿತೆ? ಮೈತುಂಬ ಜರಿಯ ಕಂಚಿ ಸೀರೆ ಒಂದು ಕಿಲೋ ದಾಟುವುದುಂಟು. ಅದರ ಮೇಲೆ ಸೊಂಟದ ಡಾಬು, ವಂಕಿ, ಹಾರ, ಮೊಗ್ಗಿನ ಜಡೆ ಬರುತ್ತವೆ. ನಾನು ಹೀಗೆ ಕೂತು ಎದ್ದು ನೋಡುವಾಗ ಪಕ್ಕದ ಗಿರಾಕಿಗಳು ನಕ್ಕದ್ದುಂಟು. ಮೊದಲು ಮನಸ್ಸಿಗೆ ಬಂದಿದ್ದ ಸೀರೆಯನ್ನು ನಾನು ಕೈಬಿಟ್ಟದ್ದೂ ಅದೇ ಹತ್ತು ನಿಮಿಷದಲ್ಲಿ.

ಎತ್ತರ ಕಡಿಮೆ ಇರುವವರಿಗೆ ಒಂದು ಮಾತು. ಅಗಲ ಅಂಚು ಕೂತಾಗ ಮಂಡಿಯವರೆಗೂ ಬಂದು ಒಡಲಿನ ಬಣ್ಣವೇ ಕಾಣದಂತಾಗಬಹುದು. ಅಂಥವರಿಗೆ ನಡುಗಾತ್ರದ ಅಂಚು ಸೂಕ್ತ.

ರೇಷ್ಮೆ ಬೇರೆ, ಜರಿ ಬೇರೆ

ಕೇಂದ್ರ ರೇಷ್ಮೆ ಮಂಡಳಿಯ ಸಿಲ್ಕ್ ಮಾರ್ಕ್ ಚೀಟಿ 2004ರಿಂದ ಬಳಕೆಯಲ್ಲಿದೆ. (ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಂಡವರಿಗೆಲ್ಲ ಆ ಮಂಡಳಿಯ ಹೆಸರಂತೂ ಗೊತ್ತು.) ಆ ಚೀಟಿ ಬಟ್ಟೆ ಅಪ್ಪಟ ರೇಷ್ಮೆ ಎಂದು ಖಾತರಿ ಕೊಡುತ್ತದೆಯೇ ಹೊರತು ಜರಿಯ ಬಗ್ಗೆ ಏನೂ ಹೇಳುವುದಿಲ್ಲ. ಶುದ್ಧ ರೇಷ್ಮೆಯ ಸೀರೆಗೆ ಅಗ್ಗದ ಜರಿ ಹಾಕಿರಬಹುದು, ಅದರಲ್ಲಿ ಮೋಸವೂ ಇಲ್ಲ, ಬೆಲೆ ಅದಕ್ಕೆ ತಕ್ಕಂತೆ ಇದ್ದರೆ.

ಅಪ್ಪಟ ಜರಿ ಎಂದರೆ ರೇಷ್ಮೆ ಎಳೆಯ ಮೇಲೆ ಬೆಳ್ಳಿಯ ಸಣ್ಣ ತಂತಿ ಸುತ್ತಿ, ಅದಕ್ಕೆ ಚಿನ್ನದ ಲೇಪ ಕೊಟ್ಟದ್ದು. ಅಗ್ಗದ್ದರಲ್ಲಿ ಬೆಳ್ಳಿಯ ಜಾಗದಲ್ಲಿ ತಾಮ್ರ, ಇನ್ನೂ ಅಗ್ಗದ್ದರಲ್ಲಿ ಬರಿಯ ಪ್ಲಾಸ್ಟಿಕ್ ಎಳೆ. ಸೆರಗಿನ ತುದಿಯ ಒಂದು ಜರಿ ಎಳೆಯನ್ನು ಉಗುರಿನಿಂದ ಕೆರೆದರೆ ಅಪ್ಪಟ ಜರಿಯಲ್ಲಿ ಸಾಮಾನ್ಯವಾಗಿ ಕೆಂಪು ರೇಷ್ಮೆ ದಾರ ಕಾಣುತ್ತದೆ. ಇನ್ನೊಂದು ಹಳೆಯ ಪರೀಕ್ಷೆ, ಒಂದೆರಡು ಎಳೆ ಕಿತ್ತು ಸುಡುವುದು: ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು ಬೆರಳಲ್ಲಿ ಪುಡಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಂಗಡಿಯವರನ್ನು ಕೇಳಿಯೇ ಮಾಡಿ. ಯಾವ ಜರಿ ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ಎಲ್ಲವೂ ಚಿನ್ನವೇ. ಬರೆಯಲು ಹಿಂಜರಿದರೆ ನಿಮಗೆ ಉತ್ತರ ಸಿಕ್ಕಿತು.

ಹೋಮಕುಂಡದ ಪಕ್ಕ ಕೂರುವವರಿಗೆ ರೇಷ್ಮೆಯಿಂದ ಇನ್ನೊಂದು ಅನುಕೂಲವಿದೆ. ಕಿಡಿ ಬಿದ್ದರೆ ಅದು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ. ಈಗ ಧಾರೆ ಸೀರೆಯ ಮೇಲೆ ತಲೆಯಿಂದ ಇಳಿಬಿಡುವ ನೆಟ್ ದುಪ್ಪಟ ಬಂದಿದೆಯಲ್ಲ, ಅರಳು ಸುರಿಯುವ ಲಾಜಾಹೋಮದ ಹೊತ್ತಿಗಾದರೂ ಅದನ್ನು ತೆಗೆದಿಡಿ.

ಯಾವ ಊರಿನ ಸೀರೆ?

ಕಂಚಿಯದು ಅಂಚಿನ ಗತ್ತು. ಒಡಲು ಮತ್ತು ಅಂಚನ್ನು ಬೇರೆ ಬೇರೆ ಲಾಳಿಗಳಿಂದ ನೇಯ್ದು ಹೆಣೆಯುವ ಕೊರವೈ ವಿಧಾನದ ಸೀರೆಯನ್ನು ತಿರುಗಿಸಿ ನೋಡಿದರೆ ಎರಡು ಬಣ್ಣ ಸೇರುವ ಗೆರೆಯಲ್ಲಿ ಕೈಕೆಲಸ ಕಾಣುತ್ತದೆ. ನಿಂತಾಗ ಬಹಳ ಚೆನ್ನ. ಕೂರುವುದಕ್ಕೆ ಮೇಲಿನ ಪರೀಕ್ಷೆ ಮಾಡಿಯೇ ಕೊಳ್ಳಿ.

ನನ್ನ ಒಲವು ಮೈಸೂರು ರೇಷ್ಮೆಯ ಕಡೆಗೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ಶುರುವಾದ ಕಾರ್ಖಾನೆಯನ್ನು ಈಗ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ನಡೆಸುತ್ತಿದೆ. ಹುರಿಗೊಳಿಸಿದ ನೂಲಿನ ಕ್ರೇಪ್ ಆದ್ದರಿಂದ ಸೀರೆ ಮೈಗೆ ಇಳಿದು ಕೂರುತ್ತದೆ, ನೆರಿಗೆ ಉಬ್ಬುವುದಿಲ್ಲ. ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತದೆ, ಪ್ರತಿ ಸೀರೆಗೂ ಗುರುತಿನ ಸಂಖ್ಯೆ ಇರುತ್ತದೆ. ಹಾಗಾಗಿ ಎಳೆ ಕೆರೆಯುವ ರಗಳೆ ಇಲ್ಲ. ತೊಂದರೆ ಒಂದೇ: ಬೇಡಿಕೆ ಹೆಚ್ಚು, ದಾಸ್ತಾನು ಕಡಿಮೆ. ಬೇಕಾದ ಬಣ್ಣ ಅಂದೇ ಸಿಗುತ್ತದೆ ಎಂಬ ಭರವಸೆಯಲ್ಲಿ ಹೋಗಬೇಡಿ. ಇನ್ನು ‘ಸೀರೆ ತೆಳ್ಳಗಾಯಿತು, ಮದುವೆಗೆ ಗಟ್ಟಿ ಇರಬೇಕಿತ್ತು’ ಎನ್ನುವ ಬಂಧುಗಳಿಗೆ ಅದರ ಬೆಲೆ ಹೇಳಿದರೆ ಸಾಕು.

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನ ಕೈಮಗ್ಗದ ರೇಷ್ಮೆಯನ್ನು ಮದುವೆಗೆ ನೆನೆಯುವವರು ಕಡಿಮೆ, ನೋಡದೆ ಬಿಡಬೇಡಿ. ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಯಲ್ಲಿ ಒಡಲಿಗೂ ಸೆರಗಿಗೂ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಅರಿಶಿನ, ಬಳೆ ಶಾಸ್ತ್ರಗಳಿಗೆ ಹತ್ತಿಯೊಡಲಿನ ಇಳಕಲ್ ಹಗುರ, ಕೆಂಪು ಸೆರಗಿನಿಂದ ಮಂಗಳಕರವೂ ಹೌದು.

ರವಿಕೆ: ಮದುವೆಯ ದಿನ ಕೈಕೊಡುವುದು ಇದೇ

ಸೀರೆ ಯಾರಿಗಾದರೂ ಆಗುತ್ತದೆ, ರವಿಕೆ ಹಾಗಲ್ಲ. ಹೊಸ ದರ್ಜಿಯಾದರೆ ಮೊದಲು ಸಾದಾ ಹತ್ತಿ ಬಟ್ಟೆಯಲ್ಲಿ ಒಂದು ಹೊಲಿಸಿ, ತೊಟ್ಟು, ಕೂತು, ಕೈಯೆತ್ತಿ ನೋಡಿ. ಹಾರ ಬದಲಾಯಿಸುವಾಗ ವರನನ್ನು ಅವನ ಗೆಳೆಯರು ಎತ್ತಿ ಹಿಡಿಯದೆ ಬಿಡುವುದಿಲ್ಲ. ನಿಮ್ಮ ಕೈ ಅಲ್ಲಿಗೆ ಮುಟ್ಟಬೇಕು, ಕಂಕುಳ ಹೊಲಿಗೆ ಬಿಚ್ಚಬಾರದು. ಪಕ್ಕದ ಹೊಲಿಗೆಗಳಲ್ಲಿ ಎರಡು ಅಂಗುಲದಷ್ಟು ಬಟ್ಟೆ ಒಳಗೆ ಬಿಡಿಸಿ. ಮದುವೆಯ ತಿಂಗಳಲ್ಲಿ ಮೈ ಇಳಿಯುತ್ತದೆ, ಇಲ್ಲವೆ ಏರುತ್ತದೆ, ಇದ್ದಂತೆ ಮಾತ್ರ ಇರುವುದಿಲ್ಲ.

ಇನ್ನಷ್ಟು ಸೂಕ್ಷ್ಮಗಳಿವೆ. ವಂಕಿ ತೊಡುವುದಾದರೆ ಅಳತೆ ಕೊಡುವ ದಿನ ಅದನ್ನೂ ಒಯ್ಯಿರಿ, ತೋಳಿನ ಉದ್ದ ಅದಕ್ಕೆ ಹೊಂದಬೇಕು. ಬೆನ್ನ ಮೇಲಿನ ಆರಿ ಕೆಲಸಕ್ಕೆ ಹಣ ಸುರಿಯುವ ಮೊದಲು ಮೊಗ್ಗಿನ ಜಡೆ ಹಾಕುತ್ತೀರಾ ಎಂದು ಯೋಚಿಸಿ. ಜಡೆ ಅದನ್ನೆಲ್ಲ ಮುಚ್ಚುತ್ತದೆ. ಕಲ್ಲು, ಮಣಿಗಳ ಕೆಲಸ ತೋಳಿನ ಒಳಭಾಗದಲ್ಲಿ, ಸೆರಗು ಉಜ್ಜುವ ಕಡೆ ಬೇಡ. ಸೀರೆಯ ಎಳೆ ಕಿತ್ತುಬರುತ್ತದೆ. ಒಳಪದರಕ್ಕೆ ಹತ್ತಿಯ ಬಟ್ಟೆಯನ್ನೇ ಕೇಳಿ. ಮಧ್ಯದಲ್ಲಿ ಸೀರೆ ಬದಲಿಸುವ ಶಾಸ್ತ್ರ ಇದ್ದವರಿಗೆ ಮುಂದೆ ಹುಕ್ಕು ಇರುವ ರವಿಕೆ ಒಳ್ಳೆಯದು, ಇನ್ನೊಬ್ಬರ ಸಹಾಯಕ್ಕೆ ಕಾಯಬೇಕಿಲ್ಲ. ಮುಹೂರ್ತ ಯಾರಿಗೂ ಕಾಯುವುದಿಲ್ಲ, ಪುರೋಹಿತರು ಬಾಗಿಲ ಬಳಿ ಕೂಗುತ್ತಲೇ ಇರುತ್ತಾರೆ.

ಫಾಲ್ ಪಟ್ಟಿಯನ್ನು ನೆನೆಸಿ ಒಣಗಿಸಿದ ಮೇಲೆ ಹೊಲಿಸಬೇಕು, ಇಲ್ಲವಾದರೆ ಅದು ಸಂಕುಚಿಸಿ ಅಂಚು ಸುಕ್ಕಾಗುತ್ತದೆ. ಒಳಲಂಗ ಹತ್ತಿಯದಿರಲಿ, ಸ್ಯಾಟಿನ್ ಮೇಲೆ ರೇಷ್ಮೆ ಜಾರುತ್ತದೆ.

ಆರತಕ್ಷತೆ

ನಮ್ಮ ಕಡೆ ಆರತಕ್ಷತೆ ಹಲವು ಬಾರಿ ಹಿಂದಿನ ದಿನ ಸಂಜೆಯೇ ನಡೆಯುತ್ತದೆ. ಇಲ್ಲಿ ಲೆಕ್ಕ ತಿರುಗುಮುರುಗು: ಗಂಟೆಗಟ್ಟಲೆ ನಿಲ್ಲಬೇಕು. ಲೆಹೆಂಗಾ ಆದರೂ ಗೌನ್ ಆದರೂ ಸೊಂಟ ಅದರ ತೂಕ ತಡೆಯಬೇಕು, ಕೆಳಗೆ ಎತ್ತರದ ಹಿಮ್ಮಡಿ ಬೇಡ. ಒಂದೇ ಸಂಜೆಯ ಉಡುಪಿಗೆ ಬಾಡಿಗೆಯೇ ಜಾಣತನ ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ಉಳಿದ ಹಣವನ್ನು ಧಾರೆ ಸೀರೆಯ ಜರಿಗೆ ಸೇರಿಸಿ. ವೇದಿಕೆಯ ಅಲಂಕಾರ ಮಾಡುವವರಿಗೆ ನಿಮ್ಮ ಉಡುಪಿನ ಬಣ್ಣವನ್ನು ಮೊದಲೇ ತಿಳಿಸಿ, ಇಲ್ಲವಾದರೆ ಫೋಟೊದಲ್ಲಿ ಹಿಂದಿನ ಪರದೆಗೂ ನಿಮಗೂ ವ್ಯತ್ಯಾಸ ಕಾಣದು. ರಾತ್ರಿ ಎಷ್ಟೇ ತಡವಾದರೂ ಬೆಳಗಿನ ಜಾವ ಎಬ್ಬಿಸುತ್ತಾರೆ. ಹಾಗಾಗಿ ಬಿಚ್ಚಲು ಅರ್ಧ ಗಂಟೆ ಹಿಡಿಯುವ ಜಡೆ, ಬಿಗಿಯಾದ ದಾರಗಳ ರವಿಕೆ ಆ ಸಂಜೆಗೆ ಬೇಡ.

ಛತ್ರಕ್ಕೆ ಒಯ್ಯುವ ಗಂಟು

ಪ್ರತಿ ಸೀರೆಗೂ ಒಂದು ಚೀಲ. ಅದರೊಳಗೆ ಆ ಸೀರೆಯ ರವಿಕೆ, ಒಳಲಂಗ, ಬಳೆ ಎಲ್ಲವೂ. ಮೇಲೆ ಶಾಸ್ತ್ರದ ಹೆಸರು ಬರೆದ ಚೀಟಿ. ಧಾರೆ ಸೀರೆಗೆ ಮೊದಲೇ ನೆರಿಗೆ ಹಿಡಿಸಿ ಇಸ್ತ್ರಿ ಮಾಡಿಸಿಡಬಹುದು, ಆದರೆ ಮದುವೆಗೆ ಎರಡು ದಿನ ಇರುವಾಗ ಮಾಡಿಸಿದರೆ ಸಾಕು. ಜರಿಯ ಮಡಿಕೆ ಬಹಳ ದಿನ ಹಾಗೇ ಇದ್ದರೆ ಮುರಿಯುತ್ತದೆ. ಪಿನ್ನುಗಳು, ಸೂಜಿ, ಸೀರೆಯ ಬಣ್ಣದ ದಾರ, ಸಣ್ಣ ಕತ್ತರಿ, ಹತ್ತಿಯ ಎರಡು ಕೈವಸ್ತ್ರ. ಧಾರೆ ಎರೆಯುವಾಗ ಹಾಲು, ನೀರು ಮಡಿಲಿಗೆ ಬೀಳದಂತೆ ಒಂದನ್ನು ಹಾಸಿಕೊಳ್ಳಿ. ಈ ಗಂಟಿನ ಜವಾಬ್ದಾರಿ ತಂಗಿಗೋ ಗೆಳತಿಗೋ ಇರಲಿ. ಅಮ್ಮನಿಗೆ ಬೇಡ, ಆ ದಿನ ಅವರನ್ನು ನೂರು ಜನ ಕರೆಯುತ್ತಿರುತ್ತಾರೆ. ಸುಗಂಧದ್ರವ್ಯ ಹಚ್ಚಿಕೊಳ್ಳುವುದಿದ್ದರೆ ಸೀರೆ ಉಡುವ ಮೊದಲು; ಜರಿಯ ಮೇಲೆ ಬಿದ್ದರೆ ಅದು ಕಪ್ಪಾಗುತ್ತದೆ.

ಮದುವೆಯ ಗದ್ದಲ ಮುಗಿದ ಮೇಲೆ ಧಾರೆ ಸೀರೆಯನ್ನು ಬೀರುವಿಗೆ ಹಾಗೇ ಸೇರಿಸಬೇಡಿ. ಮೊದಲು ನೆರಳಿನಲ್ಲಿ ಹರವಿ ಬೆವರು, ಹೊಗೆಯ ವಾಸನೆ ಹೋಗಲಿ. ಅರಿಶಿನ, ಕುಂಕುಮ, ಎಣ್ಣೆಯ ಕಲೆಗಳಿಗೆ ಮನೆಯಲ್ಲಿ ನೀರು ಹಾಕಿ ಉಜ್ಜದೆ ಗುರುತು ಮಾಡಿ ಡ್ರೈ ಕ್ಲೀನಿಂಗಿಗೆ ಕೊಡಿ, ಯಾವ ಕಲೆ ಯಾವುದರದೆಂದು ಹೇಳಿ. ತಂದ ಮೇಲೆ ಪ್ಲಾಸ್ಟಿಕ್ ಕವರಿನಿಂದ ತೆಗೆದು ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿಡಿ. ನುಸಿಗುಳಿಗೆ ಜರಿಗೆ ತಾಗಬಾರದು. ಮೂರು ನಾಲ್ಕು ತಿಂಗಳಿಗೊಮ್ಮೆ ಹೊರತೆಗೆದು ಬೇರೆ ಗೆರೆಯಲ್ಲಿ ಮಡಚಿ ಇಡಿ.